ಪುಕ್ಕಟೆ ಊಟಕ್ಕೂ ಪರ್ಮಿಟ್ಟೇ?

ನಮ್ಮ ಆಲ್ಮಿಪೋರ್ಟಿಗೂ ಪಕ್ಕದ ಡೇವೊಲ್‌ಗೂ ನಡುವೆ ಇರುವುದು ಒಂದು ಹಳ್ಳ, ಅದರ ಮೇಲೊಂದು ಸೇತುವೆ. ಸೇತುವೆ ಎಷ್ಟು ಚಿಕ್ಕದೆಂದರೆ ಈ ತುದಿಯಲ್ಲಿ ಶುರುವಾದ ಸೀನು ಆ ತುದಿಯಲ್ಲಿ ಮುಗಿಯುತ್ತದೆ. ಈಚೆಗೆ ನಾವು, ಮೀನು ಹಿಡಿಯುವವರು, ಅಝೋರ್ಸ್ ದ್ವೀಪಗಳಿಂದ ಬಂದ ಪೋರ್ಚುಗೀಸ್ ಮಾತಿನವರು. ಆಚೆಗೆ ಹಸು ಸಾಕುವವರು, ಮುನ್ನೂರು ವರ್ಷದಿಂದ ಅಲ್ಲೇ ಬೇರು ಬಿಟ್ಟ ಯಾಂಕಿಗಳು. ಇಬ್ಬರಿಗೂ ಒಂದೇ ಮಳೆ, ಒಂದೇ ಮಂಜು. ಆದರೆ ಈ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಊರೂರಿಗೂ ಬೇರೆ ಆರೋಗ್ಯ ಮಂಡಳಿ, ಬೇರೆ ಕಾಗದ. ಇದು ಎಲ್ಲರಿಗೂ ಗೊತ್ತಿರುವ ವಿಷಯ. ಗಾಡಿ ನಿಲ್ಲಿಸುವ ಹೊತ್ತಿಗೆ ಮಾತ್ರ ಯಾರಿಗೂ ನೆನಪಿರುವುದಿಲ್ಲ.

ಜುಲ್ಮೀರಾ ಫುರ್ತಾದೊ ನಮ್ಮೂರ ದೋಣಿ ನಿಲ್ಲುವ ಧಕ್ಕೆಯ ಬಳಿ ಹನ್ನೊಂದು ವರ್ಷದಿಂದ ಊಟದ ಟ್ರಕ್ ನಡೆಸುತ್ತಿದ್ದಾಳೆ. ವೈನು, ಬೆಳ್ಳುಳ್ಳಿಯಲ್ಲಿ ನೆನೆಸಿ ಬೇಯಿಸಿದ ಹಂದಿಮಾಂಸವನ್ನು ಬನ್ನಿನೊಳಗಿಟ್ಟು ಕೊಡುತ್ತಾಳೆ. ಶನಿವಾರ ಬೆಳಗ್ಗೆ ಎಣ್ಣೆಯಲ್ಲಿ ಕರಿದು ಸಕ್ಕರೆಯಲ್ಲಿ ಹೊರಳಿಸಿದ ಹಿಟ್ಟಿನ ತಿಂಡಿ, ಮಲಸಾದ. ಟ್ರಕ್ಕಿನ ಕಿಟಕಿಯ ಮೇಲೆ ಆಲ್ಮಿಪೋರ್ಟಿನ ನೀಲಿ ಸ್ಟಿಕ್ಕರ್ ಪ್ರತಿ ಜನವರಿಯಲ್ಲೂ ಹೊಸದಾಗುತ್ತದೆ. ಇಲ್ಲಿಯವರೆಗೆ ನಮ್ಮೂರಿನ ಯಾವ ಇನ್‌ಸ್ಪೆಕ್ಟರೂ ಅವಳಿಗೆ ಒಂದು ಮಾತು ಅಂದಿದ್ದಿಲ್ಲ.

ಅವಳ ಅಪ್ಪ ಲೌರೆನಿಯೊಗೆ ಎಪ್ಪತ್ತಾರು. ನಲವತ್ತು ವರ್ಷ ಸಮುದ್ರದ ಮೇಲಿದ್ದು ಬಂದವರು. ಊರಿನ ಕಿರಿಯರೆಲ್ಲ ಅವರನ್ನು 'ಟೀಯು' ಎನ್ನುತ್ತಾರೆ. ಅಂದರೆ ಚಿಕ್ಕಪ್ಪ. ಈ ಕತೆ ನಡೆದ ವರ್ಷ ಪವಿತ್ರಾತ್ಮನ ಹಬ್ಬಕ್ಕೆ ಅವರೇ ಯಜಮಾನರು. ಈ ಪಾಳಿ ಒಬ್ಬ ಮನುಷ್ಯನಿಗೆ ಆಯುಷ್ಯದಲ್ಲಿ ಒಮ್ಮೆ ಬಂದರೆ ದೊಡ್ಡದು.

ಹಬ್ಬದ ಕ್ರಮ ಹೀಗೆ. ಈಸ್ಟರ್ ಆದ ಮೇಲೆ ಏಳು ಭಾನುವಾರ ಬೆಳ್ಳಿಯ ಕಿರೀಟ ಮನೆಯಿಂದ ಮನೆಗೆ ಹೋಗುತ್ತದೆ. ಏಳನೆಯ ಭಾನುವಾರ ಎಲ್ಲರಿಗೂ ಸೋಪಾಸ್. ದನದ ಮಾಂಸವನ್ನು ಎಲೆಕೋಸಿನ ಜೊತೆ ಗಂಟೆಗಟ್ಟಲೆ ಬೇಯಿಸಿ, ಆ ಸಾರನ್ನು ಬ್ರೆಡ್ಡಿನ ಮೇಲೆ ಸುರಿದು, ಮೇಲೊಂದು ಪುದೀನ ಎಸಳು ಇಟ್ಟರೆ ಸೋಪಾಸ್. ಅದಕ್ಕೆ ಕಾಸು ತೆಗೆದುಕೊಳ್ಳುವಂತಿಲ್ಲ. ಯಾರು ಬಂದರೂ ಇಲ್ಲ ಎನ್ನುವಂತಿಲ್ಲ. ಶತ್ರು ಬಂದರೆ ಅವನಿಗೆ ಮೊದಲು. ಬಟ್ಟಲು ಹಿಡಿದು ನಿಂತವನನ್ನು ಬರಿಗೈಲಿ ಕಳಿಸಿದ ಯಜಮಾನ ನಮ್ಮ ಊರಿನಲ್ಲಿ ಅದುವರೆಗೆ ಹುಟ್ಟಿರಲಿಲ್ಲ.

ಆ ಚಳಿಗಾಲದ ಹಿಮದ ಭಾರಕ್ಕೆ ನಮ್ಮ ಹಬ್ಬದ ಸಭಾಂಗಣದ ಅಡುಗೆಮನೆಯ ಮಾಡು ಕುಸಿದುಬಿತ್ತು. ಪ್ರತಿ ವರ್ಷ ಮಾಂಸ ಕೊಡುವ ಡೇವೊಲ್‌ನ ಹೈನುಗಾರ ಒಳ್ಳೆಯ ಮನುಷ್ಯ. "ನನ್ನ ಹೊಲದಲ್ಲಿ ಮಾಡ್ಕೊಳ್ಳಿ, ಸೇತುವೆ ದಾಟಿದ್ರೆ ಸಾಕು" ಎಂದ. ಅಡುಗೆಗೆ ಜುಲ್ಮೀರಾಳ ಟ್ರಕ್ ಇತ್ತು. ಎಲ್ಲ ಸರಿಹೋಯಿತು ಎಂದುಕೊಂಡೆವು.

ಜಾಗ ಹೇಗಿದೆ ನೋಡೋಣವೆಂದು ನಾಲ್ಕನೆಯ ಭಾನುವಾರವೇ ಕಿರೀಟವನ್ನು ಆ ಹೊಲಕ್ಕೆ ಒಯ್ದರು. ಟ್ರಕ್ಕೂ ಹೋಯಿತು. ಎರಡು ದೊಡ್ಡ ಹಂಡೆ ಸೋಪಾಸ್. ಅರವತ್ತು ಎಪ್ಪತ್ತು ಜನ ಸಾಲು ನಿಂತಿದ್ದರು. ನಾನೂ ಬಟ್ಟಲು ಹಿಡಿದು ನಿಂತಿದ್ದೆ, ಹನ್ನೆರಡನೆಯವನು.

ಒಂಬತ್ತು ಬಟ್ಟಲು ತುಂಬಿದ್ದವು. ಅಷ್ಟರಲ್ಲಿ ಒಂದು ಹಳೆಯ ಬೂದು ಕಾರು ಬಂದು ನಿಂತಿತು. ಇಳಿದವರು ಡೇವೊಲ್‌ನ ಆರೋಗ್ಯಾಧಿಕಾರಿ ಮಿಸ್ ಆರ್ಡಿತ್ ಟ್ರಿಪ್. ತೆಳ್ಳನೆಯ ಹೆಂಗಸು, ಕಿವಿಯ ಹಿಂದೆ ಪೆನ್ಸಿಲ್, ಜೇಬಿನಲ್ಲಿ ಥರ್ಮಾಮೀಟರ್.

"ನಮಸ್ಕಾರ. ಡೇವೊಲ್ ಪರ್ಮಿಟ್ ತೋರಿಸ್ತೀರಾ?"

ಜುಲ್ಮೀರಾ ನಗುತ್ತಲೇ ನೀಲಿ ಸ್ಟಿಕ್ಕರಿನ ಕಡೆ ಕೈ ತೋರಿಸಿದಳು. "ಇಲ್ಲೇ ಇದೆಯಲ್ಲ ಮೇಡಂ. ಈ ವರ್ಷದ್ದೇ."

"ಇದು ಆಲ್ಮಿಪೋರ್ಟ್‌ದು. ನೀವು ನಿಂತಿರೋದು ಡೇವೊಲ್‌ನಲ್ಲಿ."

ಲೌರೆನಿಯೊ ಸೌಟು ಹಿಡಿದೇ ಕಿಟಕಿಯಿಂದ ಬಗ್ಗಿದರು. "ತಾಯಿ, ನಾವು ಮಾರ್ತಾ ಇಲ್ಲ. ಕೊಡ್ತಾ ಇದೀವಿ. ಪುಕ್ಕಟೆ. ದೇವರ ಊಟ."

"ಹೊಟ್ಟೆಗೆ ಬಿಲ್ ಓದೋಕೆ ಬರಲ್ಲ ಸರ್. ಮಾರಿದ್ರೂ ಅಷ್ಟೇ, ಕೊಟ್ರೂ ಅಷ್ಟೇ. ದಯವಿಟ್ಟು ಕಿಟಕಿ ಮುಚ್ಚಿ."

"ದೇವರ ಊಟಕ್ಕೆ ಸೀಲು ಹೊಡಿಯೋರು ಯಾರು?"

"ಡೇವೊಲ್‌ನಲ್ಲಿ ನಾನು" ಎಂದರು ಆರ್ಡಿತ್. ಅದರಲ್ಲಿ ಜಂಬವೂ ಇರಲಿಲ್ಲ, ಕೋಪವೂ ಇರಲಿಲ್ಲ. ಗಂಟೆ ಎಷ್ಟಾಯಿತು ಎಂದು ಕೇಳಿದರೆ ಹೇಳುತ್ತಾರಲ್ಲ, ಹಾಗೆ ಹೇಳಿದರು.

ಜುಲ್ಮೀರಾ ಕಿಟಕಿ ಮುಚ್ಚಿದಳು. ಸಾಲಿನಲ್ಲಿದ್ದವರು ಖಾಲಿ ಬಟ್ಟಲು ಹಿಡಿದು ಒಬ್ಬರ ಮುಖ ಒಬ್ಬರು ನೋಡಿದರು. ಲೌರೆನಿಯೊ ಟ್ರಕ್ಕಿನಿಂದ ಇಳಿದು, ಒಬ್ಬೊಬ್ಬರ ಮುಂದೆಯೂ ನಿಂತು, "ಕ್ಷಮಿಸ್ಬೇಕು, ಇವತ್ತು ಇಲ್ಲ" ಎಂದು ಹೇಳುತ್ತ ಬಂದರು. ಸಾಲಿನ ಕೊನೆ ತಲುಪುವ ಹೊತ್ತಿಗೆ ಅವರ ದನಿ ಉಡುಗಿಹೋಗಿತ್ತು.

ದೊಡ್ಡ ಹಬ್ಬಕ್ಕೆ ಉಳಿದಿದ್ದು ಇಪ್ಪತ್ತೊಂದು ದಿನ. ಅಂದೂ ಹೀಗೇ ಆದರೆ ಅಜ್ಜನ ಕಾಲದಿಂದ ನಡೆದುಬಂದ ಹಬ್ಬ ಸೋಪಾಸ್ ಇಲ್ಲದೆ ಮುಗಿಯಬೇಕು, ಅದೂ ಲೌರೆನಿಯೊ ಯಜಮಾನರಾಗಿರುವಾಗ.

ಮಾರನೆಯ ದಿನ ಮಧ್ಯಾಹ್ನ ಜುಲ್ಮೀರಾಳ ಮನೆಗೆ ಕಾಂದಿದಾ ಬಂದಳು. ಕಾಂದಿದಾ ನಮ್ಮೂರ ಟೌನ್ ಹಾಲಿನಲ್ಲಿ ಗುಮಾಸ್ತೆ. ಜುಲ್ಮೀರಾಳ ಮಗಳಿಗೆ ಚರ್ಚಿನಲ್ಲಿ ಜ್ಞಾನಸ್ನಾನ ಮಾಡಿಸುವಾಗ ಧರ್ಮತಾಯಿ ಆಗಿದ್ದರಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಮಾದ್ರೆ' ಎನ್ನುತ್ತಾರೆ. ಆ ನಂಟು ಒಡಹುಟ್ಟಿಗಿಂತ ಒಂದು ಮೊಳ ಹೆಚ್ಚು. ಒಡಹುಟ್ಟಿದವಳ ಹತ್ತಿರ ಮಾತು ಬಿಡಬಹುದು, ಕೊಮಾದ್ರೆಯ ಹತ್ತಿರ ಬಿಡುವಂತಿಲ್ಲ.

ಲೌರೆನಿಯೊ ಆಗಲೇ ಮೂರು ಉಪಾಯ ಹೂಡಿದ್ದರು.

"ಟ್ರಕ್ಕು ಸೇತುವೆ ಈಚೆಗೆ ನಿಲ್ಲಲಿ. ಆಲ್ಮಿಪೋರ್ಟ್ ನೆಲ. ಜನ ಆಚೆ ನಿಲ್ಲಲಿ. ಬಟ್ಟಲು ಕೈಯಿಂದ ಕೈಗೆ ದಾಟ್ಲಿ. ಏನಂತಾಳೆ ಆ ಪೆನ್ಸಿಲ್ಲು?"

"ಅಪ್ಪಾ, ಅದು ಹಬ್ಬಾನೋ, ಕಳ್ಳಸಾಗಣೆನೋ?" ಎಂದಳು ಜುಲ್ಮೀರಾ.

"ಸರಿ, ಬೇಡ. ಮನೇಲಿ ಬೇಯಿಸಿ ಹಂಡೆ ಹೊತ್ಕೊಂಡು ಹೋಗೋಣ."

"ಟೀಯು, ಮನೆ ಅಡುಗೆನ ಸಾರ್ವಜನಿಕರಿಗೆ ಬಡಿಸೋಕೆ ಅವರು ಮೊದಲೇ ಬಿಡಲ್ಲ" ಎಂದಳು ಕಾಂದಿದಾ. "ಮೂರನೇದು ಯಾವ್ದು?"

"ಮೂರನೇದು ಹೇಳಲ್ಲ. ನೀನು ಸರ್ಕಾರದೋಳು."

"ಹಾಗಾದ್ರೆ ಅದು ಕೆಟ್ಟದ್ದೇ ಇರ್ಬೇಕು."

ಲೌರೆನಿಯೊ ಮೇಜು ಗುದ್ದಿದರು. "ಕಾಂದಿದಾ, ನಿನಗೆ ಗೊತ್ತಿಲ್ವಾ? ಅವರಿಗೆ ನಮ್ಮನ್ನ ಕಂಡ್ರೆ ಆಗಲ್ಲ. ನಮ್ಮಪ್ಪ ಬಂದಾಗಿಂದ ಆಗಲ್ಲ. ನಮ್ಮನ್ನ ದೂರ ಇಡೋಕೇ ಆ ನಿಯಮ ಮಾಡಿದಾರೆ."

"ಓದಿದೀರಾ?"

"ಏನನ್ನ?"

"ಆ ನಿಯಮಾನ."

ಲೌರೆನಿಯೊ ಓದಿರಲಿಲ್ಲ. ಓದದೇ ಇರುವ ಕಾಗದದ ಬಗ್ಗೆ ಖಚಿತವಾಗಿ ಮಾತಾಡುವುದು ಸುಲಭ. ಅದು ನಮ್ಮೂರಿನವರಿಗೆ ಮಾತ್ರ ಬರುವ ಕಲೆಯೇನಲ್ಲ.

ಕಾಂದಿದಾ ಚೀಲದಿಂದ ಎರಡು ಕಟ್ಟು ತೆಗೆದಳು. ಆಲ್ಮಿಪೋರ್ಟಿನದು ನಾಲ್ಕು ಪುಟ, ಡೇವೊಲ್‌ದು ಹನ್ನೊಂದು. "ನೋಡಿ, ಇವನ್ನ ಅಕ್ಕಪಕ್ಕ ಇಡೋಣ. ಒಂದೊಂದೇ ಸಾಲು ಹೋಲಿಸೋಣ. ಬೈಯೋದಾದ್ರೆ ಆಮೇಲೆ ಬೈಯೋಣ, ತಿಳ್ಕೊಂಡು ಬೈದ ಹಾಗಾಗುತ್ತೆ."

ಲೌರೆನಿಯೊ ಭೂತಗನ್ನಡಿ ತಂದರು. ಹಳೇ ಪತ್ರಿಕೆಯ ಅಂಚಿನಲ್ಲಿ ಒಂದು ಗೆರೆ ಎಳೆದು, ಈಚೆ 'ನಾವು', ಆಚೆ 'ಅವರು' ಎಂದು ಬರೆದರು. ಫುಟ್‌ಬಾಲ್ ಆಟದ ಹಾಗೆ ಗೋಲು ಎಣಿಸುವ ಯೋಚನೆ.

"ಮೊದಲು ಜಾಗ" ಎಂದಳು ಕಾಂದಿದಾ. "ಆಲ್ಮಿಪೋರ್ಟಲ್ಲಿ ಹೋಟೆಲ್ ಬಾಗಿಲಿಂದ ಮುನ್ನೂರು ಅಡಿ ದೂರ ಇರ್ಬೇಕು. ಒಂದೇ ಕಡೆ ಎರಡು ಗಂಟೆಗಿಂತ ಹೆಚ್ಚು ನಿಲ್ಲೋ ಹಾಗಿಲ್ಲ."

"ಗೊತ್ತು" ಎಂದಳು ಜುಲ್ಮೀರಾ. "ಅದಕ್ಕೇ ದಿನಕ್ಕೆ ಮೂರು ಸಲ ಟ್ರಕ್ಕು ಜರುಗಿಸಿ ಜರುಗಿಸಿ ನನ್ನ ಸೊಂಟ ಹೋಗಿದೆ."

"ಡೇವೊಲ್‌ನಲ್ಲಿ ಖಾಸಗಿ ಜಾಗ ಆದ್ರೆ, ಜಾಗದ ಯಜಮಾನನ ಪತ್ರ ಇದ್ರೆ, ಬೆಳಗಿಂದ ಸಂಜೆವರೆಗೂ ನಿಲ್ಬಹುದು."

ಲೌರೆನಿಯೊ ಭೂತಗನ್ನಡಿಯಲ್ಲಿ ಎರಡು ಸಲ ನೋಡಿದರು. "ಇಡೀ ದಿನಾನಾ?" ಒಲ್ಲದ ಮನಸ್ಸಿನಿಂದ 'ಅವರು' ಕಡೆ ಒಂದು ಗೀಟು ಹಾಕಿದರು.

"ಇನ್ನು ಗ್ಯಾಸ್. ನಮ್ಮಲ್ಲಿ ಅಗ್ನಿಶಾಮಕದವರು ವರ್ಷಕ್ಕೊಂದು ಸಲ ನೋಡ್ತಾರೆ. ಅಲ್ಲಿ ಹೊರಗಿನ ಟ್ರಕ್ಕು ಬಂದಾಗೆಲ್ಲ, ಎರಡು ದಿನ ಮೊದಲು ತೋರಿಸ್ಬೇಕು."

"ಹಾ! ನೋಡಿದ್ಯಾ!" 'ನಾವು' ಕಡೆ ಒಂದು ಗೀಟು.

"ಅಡುಗೆಗೆ ತಳಮನೆ, ಅಂದ್ರೆ ಪರ್ಮಿಟ್ ಇರೋ ಅಡುಗೆಮನೆಯ ಪತ್ರ. ಎರಡೂ ಊರಲ್ಲಿ ಬೇಕು. ಅದು ಕೊಮಾದ್ರೆ ಹತ್ರ ಇದೆ. ಆಮೇಲೆ ಕೊಳಕು ನೀರು. ಇಲ್ಲಿ ಧಕ್ಕೆ ಹತ್ರ ಖಾಲಿ ಮಾಡೋಕೆ ಜಾಗ ಇದೆ. ಅಲ್ಲಿ ಒಂದು ಹನಿನೂ ಹೊಲಕ್ಕೆ ಬಿಡೋ ಹಾಗಿಲ್ಲ, ವಾಪಸ್ ತುಂಬ್ಕೊಂಡು ಬರ್ಬೇಕು."

"ಯಾಕಂತೆ? ಹೊಲ ಅಷ್ಟು ನಾಜೂಕಾ?"

"ಅವರದ್ದೆಲ್ಲ ಬಾವಿ ನೀರು, ಟೀಯು. ನಲ್ಲಿ ಇಲ್ಲ. ಹೊಲಕ್ಕೆ ಸುರಿದಿದ್ದು ಬಾವಿಗೆ ಹೋಗುತ್ತೆ."

ಲೌರೆನಿಯೊ ಪೆನ್ನು ಕೆಳಗಿಟ್ಟು ಯೋಚಿಸಿದರು. ದ್ವೀಪದಲ್ಲಿ ಅವರ ಅಮ್ಮ ಬಾವಿಯಿಂದಲೇ ನೀರು ಸೇದುತ್ತಿದ್ದುದು. "ಬಾವಿ ಅಂದ್ಮೇಲೆ ಸರಿನೇ" ಎಂದರು. ಅದಕ್ಕೆ ಯಾರ ಕಡೆಯೂ ಗೀಟು ಬೀಳಲಿಲ್ಲ.

ಹೀಗೆ ಒಂದು ಗಂಟೆ ಹೋಯಿತು. ಆಟ ಮೂರು-ಮೂರಕ್ಕೆ ನಿಂತಿತು. ಆಗ ಕಾಂದಿದಾ ಡೇವೊಲ್‌ನ ಒಂಬತ್ತನೆಯ ಪುಟಕ್ಕೆ ಬಂದಳು.

"ಇಲ್ಲಿದೆ ನೋಡಿ, ನಿನ್ನೆ ಸಿಕ್ಕಿಹಾಕ್ಕೊಂಡಿದ್ದು. 'ಆಹಾರವನ್ನು ಮಾರಿದರೂ, ಉಚಿತವಾಗಿ ಕೊಟ್ಟರೂ ಪರವಾನಗಿ ಬೇಕು.' ನಮ್ಮೂರ ಕಾಗದದಲ್ಲಿ ಮಾರೋದರ ಬಗ್ಗೆ ಮಾತ್ರ ಇದೆ. ಅದಕ್ಕೇ ನಮಗ್ಯಾರಿಗೂ ಹೊಳೀಲೇ ಇಲ್ಲ. ಇನ್ನೂ ಓದ್ತೀನಿ. 'ಧಾರ್ಮಿಕ ಅಥವಾ ಊರ ಹಬ್ಬಗಳಿಗೆ ಒಂದು ದಿನದ ಪರವಾನಗಿ ಕೊಡಲಾಗುವುದು. ಶುಲ್ಕವಿಲ್ಲ. ಅರ್ಜಿ ಹದಿನಾಲ್ಕು ದಿನ ಮೊದಲು ಬರಬೇಕು.'"

"ಶುಲ್ಕ ಇಲ್ವಾ?" ಎಂದಳು ಜುಲ್ಮೀರಾ.

"ಇಲ್ಲ."

"ಒಂದು ದಿನದ ಪರ್ಮಿಟ್ ಅಂತಾನೇ ಇದೆಯಾ?"

"ಇದೆ. ನಮ್ಮೂರಲ್ಲೇ ಇಲ್ಲ. ನೀನು ಇವತ್ತು ಸೋಮವಾರ ಶುರು ಮಾಡಿ ಶುಕ್ರವಾರದೊಳಗೆ ಕೊಟ್ರೆ, ಸರಿಯಾಗಿ ದಿನ ಕೂಡುತ್ತೆ."

ಲೌರೆನಿಯೊ ಪತ್ರಿಕೆಯ ಅಂಚನ್ನು ಮಡಚಿ ಜೇಬಿಗೆ ಹಾಕಿಕೊಂಡರು. ನಾಲ್ಕು-ಮೂರು ಎಂದು ಬರೆಯುವ ಮನಸ್ಸಾಗಲಿಲ್ಲ. ಆದರೂ ಸೋಲೊಪ್ಪಲಿಲ್ಲ. "ಕಾಗದ ಇದೆ ಅಂತ ಕೊಡ್ತಾರಾ? ಕೇಳೋಕೆ ಹೋದ್ರೆ ಇನ್ನೊಂದು ತಕರಾರು ತೆಗೀತಾಳೆ, ಬೇಕಾದ್ರೆ ನೋಡು."

ಗುರುವಾರ ಜುಲ್ಮೀರಾ ಡೇವೊಲ್‌ನ ಟೌನ್ ಹಾಲಿಗೆ ಹೊರಟಳು. ಹೊಲದ ಯಜಮಾನನ ಪತ್ರ, ತಳಮನೆಯ ಪತ್ರ, ಅಡುಗೆಯ ವಿವರ ಎಲ್ಲ ಜೊತೆಗಿದ್ದವು. ಲೌರೆನಿಯೊ "ನಾನು ಕಾರಲ್ಲೇ ಕೂತಿರ್ತೀನಿ" ಎಂದು ಜೊತೆಗೆ ಹೋದರು. ಕಾರಿನಲ್ಲಿ ಕೂತಿದ್ದು ನಾಲ್ಕು ನಿಮಿಷ.

ಆರ್ಡಿತ್ ಅರ್ಜಿಯನ್ನು ಮೊದಲಿಂದ ಕೊನೆಯವರೆಗೆ ಓದಿದರು. ಒಂದು ಕಡೆ ಪೆನ್ಸಿಲ್ ನಿಲ್ಲಿಸಿದರು. "ಎಷ್ಟು ಜನ ಬರ್ತಾರೆ ಅಂತ ಬರೆದಿಲ್ಲ."

"ಬಂದಷ್ಟು" ಎಂದರು ಅಷ್ಟರಲ್ಲಿ ಒಳಬಂದು ಮಗಳ ಪಕ್ಕ ನಿಂತಿದ್ದ ಲೌರೆನಿಯೊ.

"ಇಲ್ಲಿ ಅಂಕೆ ಬೇಕು ಸರ್."

"ಪವಿತ್ರಾತ್ಮನ ಹತ್ರ ತಲೆ ಎಣಿಸೋಕೆ ಹೇಳ್ತೀರಾ?"

"ಒಂಬೈನೂರು ಅಂತ ಹಾಕ್ಕೊಳ್ಳಿ ಮೇಡಂ" ಎಂದು ಜುಲ್ಮೀರಾ ಅಪ್ಪನ ಕಾಲು ತುಳಿದಳು.

ಲೌರೆನಿಯೊಗೆ ತಡೆಯಲಾಗಲಿಲ್ಲ. "ಮಿಸ್ ಟ್ರಿಪ್, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಪುಕ್ಕಟೆ ಕೊಡೋರ ಮೇಲೆ ಯಾಕೆ ಈ ನಿಯಮ? ಈ ಕಡೆ ಊರುಗಳಲ್ಲಿ ಪುಕ್ಕಟೆ ಬಡಿಸೋರು ನಾವೇ ತಾನೇ? ನಮ್ಮ ಮೇಲೇ ಮಾಡಿದ್ದಲ್ವಾ ಇದು?"

ಆರ್ಡಿತ್ ಪೆನ್ಸಿಲ್ ಕೆಳಗಿಟ್ಟರು. ಕಿಟಕಿಯಾಚೆ ಎದುರಿಗಿದ್ದ ಬಿಳಿ ಮರದ ಕಟ್ಟಡ ತೋರಿಸಿದರು.

"ಅದು ನಮ್ಮ ರೈತ ಸಂಘದ ಸಭಾಂಗಣ. ಸಾವಿರದ ಒಂಬೈನೂರ ಎಪ್ಪತ್ತನಾಲ್ಕನೇ ಇಸವಿ, ಆಗಸ್ಟು. ಊರಿಗೆಲ್ಲ ಊಟ. ಕೆನೆ ಹಾಕಿದ ಕೋಳಿ. ಕಾಸಿಲ್ಲ, ಪುಕ್ಕಟೆ. ಬೆಳಗ್ಗೆನೇ ಬೇಯಿಸಿ, ಮಧ್ಯಾಹ್ನದವರೆಗೂ ಮೇಜಿನ ಮೇಲೆ ಇಟ್ಟಿದ್ರು. ಎಂಬತ್ತಮೂರು ಜನ ಆಸ್ಪತ್ರೆ ಸೇರಿದ್ರು. ಒಬ್ಬ ಮುದುಕ ಮನೆಗೆ ವಾಪಸ್ ಬರ್ಲಿಲ್ಲ."

ಆರ್ಡಿತ್ ಆ ಕಟ್ಟಡದ ಕಡೆಯೇ ನೋಡುತ್ತ ಮುಂದುವರಿಸಿದರು.

"ಅಡುಗೆ ಮಾಡಿದ್ದು ನಮ್ಮಮ್ಮ. ಆಗ ನನಗೆ ಹನ್ನೆರಡು ವರ್ಷ. ಅಮ್ಮ ಒಳ್ಳೇ ಅಡುಗೆಯವರು. ಆಮೇಲೆ ಸಾಯೋವರೆಗೂ ಹೊರಗಿನವರಿಗೆ ಒಂದು ಕಪ್ ಕಾಫಿ ಕೂಡ ಮಾಡಿಕೊಡ್ಲಿಲ್ಲ." ಆರ್ಡಿತ್ ಮತ್ತೆ ಪೆನ್ಸಿಲ್ ಎತ್ತಿಕೊಂಡರು. "ಈ ನಿಯಮ ನಿಮ್ಮ ಮೇಲೆ ಮಾಡಿದ್ದಲ್ಲ ಸರ್. ನಮ್ಮ ಮೇಲೇ ಮಾಡ್ಕೊಂಡಿದ್ದು."

ಲೌರೆನಿಯೊ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನು ಏನೇನೋ ಅಂದ್ಕೊಂಡಿದ್ದೆ" ಎಂದರು.

"ಎಲ್ಲರೂ ಅಂದ್ಕೋತಾರೆ. ಯಾರೂ ಬಂದು ಕೇಳಲ್ಲ. ನೀವು ಬಂದ್ರಿ." ಅರ್ಜಿಯ ಮೇಲೆ ದಿನಾಂಕದ ಸೀಲು ಬಿತ್ತು. "ಮಂಗಳವಾರ ಮಂಡಳಿ ಸೇರುತ್ತೆ. ಹಬ್ಬದ ಮುಂಚಿನ ಶುಕ್ರವಾರ ಟ್ರಕ್ಕು ತನ್ನಿ. ಒಂದು ಹಂಡೆ ಸಾರು ಮಾಡ್ಕೊಂಡೇ ಬನ್ನಿ. ನೀವು ಹೇಗೆ ಬಿಸಿ ಉಳಿಸ್ಕೋತೀರಿ ನೋಡ್ಬೇಕು."

ಮಂಡಳಿಯ ಮೂವರೂ ಒಪ್ಪಿದರು. ಉಳಿದಿದ್ದು ಶುಕ್ರವಾರದ ಪರೀಕ್ಷೆ.

ಅಂದು ಡೇವೊಲ್‌ನ ಟೌನ್ ಹಾಲಿನ ಮುಂದೆ ಅಗ್ನಿಶಾಮಕ ದಳದ ಕ್ಯಾಪ್ಟನ್ ಗ್ಯಾಸಿನ ಕೊಳವೆಗೆ ಸೋಪಿನ ನೀರು ಹಚ್ಚಿ ನೋಡಿದರು. ಗುಳ್ಳೆ ಏಳಲಿಲ್ಲ. ಎಣ್ಣೆಬೆಂಕಿಗೆ ಬೇಕಾದ ಬೇರೆ ಥರದ ಅಗ್ನಿಶಾಮಕ ಸಿಲಿಂಡರ್ ಇದೆಯೇ ಎಂದು ಕೇಳಿದರು. ಇತ್ತು. ಬಿಳಿ ಸ್ಟಿಕ್ಕರ್ ಅಂಟಿಸಿ ಹೊರಟರು.

ಆಮೇಲೆ ಆರ್ಡಿತ್ ಥರ್ಮಾಮೀಟರ್ ತೆಗೆದರು. "ಸಾರು ನೂರ ನಲವತ್ತು ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಬರೋ ಹಾಗಿಲ್ಲ. ಇದು ಒಲೆಯಿಂದ ಇಳಿಸಿ ಎಷ್ಟು ಹೊತ್ತಾಯ್ತು?"

"ಎರಡು ಗಂಟೆ" ಎಂದರು ಲೌರೆನಿಯೊ. ಹಂಡೆಗೆ ಮೂರು ಉಣ್ಣೆ ಕಂಬಳಿ ಸುತ್ತಿ ಹಗ್ಗ ಕಟ್ಟಿತ್ತು. ಅವರ ಅಮ್ಮ ಹಾಗೆ ಕಟ್ಟುತ್ತಿದ್ದರು, ಅಜ್ಜಿಯೂ ಹಾಗೆಯೇ.

ಜುಲ್ಮೀರಾ ಕಣ್ಣು ಮುಚ್ಚಿಕೊಂಡಳು.

"ನೂರ ಅರವತ್ತಮೂರು" ಎಂದರು ಆರ್ಡಿತ್. ನಂಬದೆ ಮತ್ತೊಮ್ಮೆ ಅದ್ದಿದರು. "ನೂರ ಅರವತ್ತಮೂರು. ಈ ಕಂಬಳಿ ಎಲ್ಲಿ ಸಿಗುತ್ತೆ?"

ಲೌರೆನಿಯೊ ಒಂದು ಅಂಗುಲ ಎತ್ತರವಾದರು. "ಕಂಬಳಿ ಎಲ್ಲಾ ಕಡೆ ಸಿಗುತ್ತೆ ಮಿಸ್ ಟ್ರಿಪ್. ಕಟ್ಟೋ ಕೈ ಸಿಗಲ್ಲ."

ಆ ಎತ್ತರ ಹೆಚ್ಚು ಹೊತ್ತು ನಿಲ್ಲಲಿಲ್ಲ. ಪದ್ಧತಿಯಂತೆ ಮಾಂಸವನ್ನು ತುಂಡು ಮಾಡಿ ದೊಡ್ಡ ತಟ್ಟೆಗಳಲ್ಲಿ ಗೋಪುರದ ಹಾಗೆ ಜೋಡಿಸಿಟ್ಟಿದ್ದರು. ಥರ್ಮಾಮೀಟರ್ ಅಲ್ಲಿಗೆ ಹೋಯಿತು.

"ನೂರ ಹದಿನೆಂಟು. ಇದು ಆಗಲ್ಲ."

"ತಟ್ಟೆ ತುಂಬ ಮಾಂಸ ಕಾಣ್ಬೇಕು! ಕಂಡ್ರೆ ತಾನೇ ಬಂದೋರಿಗೆ ಗೌರವ?"

"ಸಾರಿನೊಳಗೇ ಇರ್ಲಿ. ಅಲ್ಲಿಂದ ನೇರ ಬಟ್ಟಲಿಗೆ ಬರ್ಲಿ. ಹಬೆ ಆಡೋ ಮಾಂಸಕ್ಕಿಂತ ಇನ್ನೇನು ಗೌರವ ಬೇಕು ಸರ್?"

ಲೌರೆನಿಯೊ ಗೋಪುರ ನೋಡಿದರು, ಮಗಳನ್ನು ನೋಡಿದರು, ಎದುರಿನ ರೈತ ಸಂಘದ ಬಿಳಿ ಗೋಡೆ ನೋಡಿದರು. ತಾವೇ ತಟ್ಟೆ ಎತ್ತಿ ಮಾಂಸವನ್ನೆಲ್ಲ ಹಂಡೆಗೆ ಬಗ್ಗಿಸಿದರು. "ನಮ್ಮಮ್ಮ ಇದ್ದಿದ್ರೆ ನನ್ನ ಕಿವಿ ಹಿಂಡ್ತಿದ್ಲು."

"ನಮ್ಮಮ್ಮ ಇದ್ದಿದ್ರೆ ನಿಮ್ಮನ್ನ ಹರಸ್ತಿದ್ರು" ಎಂದರು ಆರ್ಡಿತ್. ಡೇವೊಲ್‌ನ ಹಳದಿ ಸ್ಟಿಕ್ಕರನ್ನು ತಾವೇ ಅಂಟಿಸಿ, ಮೂಲೆ ಏಳದಂತೆ ಹೆಬ್ಬೆರಳಿನಿಂದ ಒತ್ತಿದರು.

ಏಳನೆಯ ಭಾನುವಾರ ಕಿರೀಟ ಸೇತುವೆ ದಾಟಿತು. ಬಿಳಿ ಉಡುಪಿನ ಹುಡುಗಿಯರು, ಬ್ಯಾಂಡಿನವರು, ಬಾವುಟದವರು, ಅವರ ಹಿಂದೆ ನಾವೆಲ್ಲ. ಮೆರವಣಿಗೆಯ ಮುಂದೆ ದಾರಿ ಬಿಡಿಸಿಕೊಂಡು ಹೋಗುತ್ತಿದ್ದದ್ದು ಡೇವೊಲ್‌ನ ಅಗ್ನಿಶಾಮಕ ಗಾಡಿ. ಹೊಲದಲ್ಲಿ ಟ್ರಕ್ಕಿನ ಗಾಜು ಫಳಫಳ ಹೊಳೆಯುತ್ತಿತ್ತು. ಬೆಳಗ್ಗೆ ಲೌರೆನಿಯೊ ಅದನ್ನು ಮೂರು ಸಲ ಒರೆಸಿದ್ದರಂತೆ. ಸಾಲಿನ ಹತ್ತಿರ ಬಂದವರಿಗೆಲ್ಲ ಮೊದಲು ಸ್ಟಿಕ್ಕರ್ ತೋರಿಸುವುದು, ಆಮೇಲೆ ಬಟ್ಟಲು ಕೊಡುವುದು.

"ನೋಡಿದ್ರಾ? ನೀಲಿ ನಮ್ಮದು. ಹಳದಿ ಅವರದು. ಬಿಳಿ ಬೆಂಕಿಯವರದು. ಈಗ ಹೊಟ್ಟೆ ತುಂಬ ಊಟ ಮಾಡಿ, ಯಾರಿಗೂ ಹೆದರಬೇಡಿ."

"ಟೀಯು, ನಾವು ಹೆದರಿಲ್ಲ. ಹಸಿದಿದೀವಿ. ಬೇಗ ಹಾಕಿ" ಎಂದಿತು ಸಾಲು.

ಡೇವೊಲ್‌ನವರೂ ಬಂದರು. ಮೊದಲು ಬೇಲಿಯ ಹತ್ತಿರ ನಾಲ್ಕು ಜನ ನಿಂತು ನೋಡಿದರು. ಜುಲ್ಮೀರಾ ಕಿಟಕಿಯಿಂದಲೇ ಕೂಗಿದಳು: "ಅಲ್ಲೇನು ನೋಡ್ತೀರಾ? ಬನ್ನಿ, ಬಟ್ಟಲು ಇದೆ!" ನಾಲ್ಕು ನಲವತ್ತಾಯಿತು, ನಲವತ್ತು ಇನ್ನೂರಾಯಿತು. ಸಂಜೆ ಬಟ್ಟಲು ಎಣಿಸಿದಾಗ ಸಾವಿರದ ನೂರ ನಲವತ್ತು ದಾಟಿತ್ತು.

"ನೀವು ಒಂಬೈನೂರು ಅಂತ ಬರೆದಿದ್ರಿ" ಎಂದರು ಆರ್ಡಿತ್.

"ಪವಿತ್ರಾತ್ಮ ಅರ್ಜಿ ಓದಿಲ್ಲ" ಎಂದರು ಲೌರೆನಿಯೊ.

ಆರ್ಡಿತ್ ನಕ್ಕದ್ದನ್ನು ಡೇವೊಲ್‌ನವರೇ ನೋಡಿರಲಿಲ್ಲವಂತೆ, ಅಂದು ನೋಡಿದರು. ಬಟ್ಟಲು ಹಿಡಿದು ನಿಂತವರಲ್ಲಿ ಒಬ್ಬರೂ ಬರಿಗೈಲಿ ಹೋಗಲಿಲ್ಲ. ಒಬ್ಬರಿಗೂ ಹೊಟ್ಟೆ ಕೆಡಲಿಲ್ಲ. ಎರಡನೆಯದನ್ನು ಹಬ್ಬದ ಇತಿಹಾಸದಲ್ಲಿ ಯಾರೂ ಬರೆದಿಡುತ್ತಿರಲಿಲ್ಲ. ಆ ವರ್ಷ ಲೌರೆನಿಯೊ ಬರೆಸಿದರು.

ಎರಡೂ ಊರಿನ ನಿಯಮ ಇಂದಿಗೂ ಎರಡೇ. ಯಾರೂ ಒಂದು ಮಾಡಿಲ್ಲ, ಮಾಡುವ ಆತುರವೂ ಯಾರಿಗೂ ಕಾಣುವುದಿಲ್ಲ. ಆದರೆ ಕಾಂದಿದಾ ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿಸಿದಳು. ಡೇವೊಲ್‌ನ ಭಾಗವನ್ನು ತಿದ್ದಿಕೊಟ್ಟದ್ದು ಆರ್ಡಿತ್. ಹಾಳೆ ಈಗ ಗ್ರಂಥಾಲಯದಲ್ಲಿದೆ, ಗಾಳದ ಅಂಗಡಿಯಲ್ಲಿದೆ, ಎರಡೂ ಟೌನ್ ಹಾಲುಗಳಲ್ಲಿದೆ. ಲೌರೆನಿಯೊ ಅವರ ಕೋಟಿನ ಜೇಬಿನಲ್ಲಂತೂ ಯಾವಾಗಲೂ ಹತ್ತು ಪ್ರತಿ.

ಜುಲೈ ತಿಂಗಳಲ್ಲಿ ಡೇವೊಲ್‌ನ ಗಂಡಹೆಂಡಿರಿಬ್ಬರು ಏಡಿ-ಬನ್ನಿನ ಹೊಸ ಟ್ರಕ್ ತಂದು ನಮ್ಮ ಧಕ್ಕೆಯಲ್ಲಿ ನಿಲ್ಲಿಸಿದರು. ಲೌರೆನಿಯೊ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದರು.

"ನೀಲಿ ಎಲ್ಲಪ್ಪಾ?"

"ಹಳದಿ ಇದೆ ಸರ್. ಡೇವೊಲ್‌ದು. ವರ್ಷಪೂರ್ತಿದು."

"ಹಳದಿ ಸೇತುವೆ ಆಚೆಗೆ. ಈಚೆಗೆ ನೀಲಿ. ಮುಚ್ಚು ಕಿಟಕಿ, ಬಾ."

"ಸರ್, ನೀವು ಇನ್‌ಸ್ಪೆಕ್ಟರಾ?"

"ಇನ್‌ಸ್ಪೆಕ್ಟರು ಬಂದ್ರೆ ಬರೇ ಮುಚ್ಚಿಸ್ತಾರೆ. ನಾನು ಮುಚ್ಚಿಸಿ, ತೆರೆಸ್ತೀನಿ. ನಿಮ್ಮ ತಳಮನೆ ಪತ್ರ ಎಲ್ಲಿ? ಗ್ಯಾಸು ಯಾವಾಗ ನೋಡಿದಾರೆ? ಮತ್ತೆ, ಇಲ್ಲಿ ಎರಡು ಗಂಟೆಗೆ ಜಾಗ ಬದಲಾಯಿಸ್ಬೇಕು. ಅದೊಂದು ಕೆಟ್ಟ ನಿಯಮ, ನಮ್ಮೂರದೇ. ಬದಲಾಯಿಸಿ ಅಂತ ಮುಂದಿನ ಊರ ಸಭೇಲಿ ಎದ್ದು ನಿಂತು ಕೇಳೋಳಿದಾಳೆ ನನ್ನ ಮಗಳು."

ಅವರಿಬ್ಬರನ್ನೂ ಕರೆದುಕೊಂಡು ಟೌನ್ ಹಾಲಿನ ಮೆಟ್ಟಿಲು ಹತ್ತಿ, ಕಾಂದಿದಾಳ ಮೇಜಿನ ಮುಂದೆ ಕೂರಿಸಿ ಬಂದರು. ಆ ಟ್ರಕ್ಕಿನಲ್ಲಿ ಈಗ ಎರಡು ಬಣ್ಣಗಳಿವೆ.

ಓದುವ ಅಣ್ಣ, ಅಕ್ಕಂದಿರೇ, ನಿಮ್ಮ ಗಾಡಿ ನಾಲ್ಕು ಚಕ್ರದ್ದೋ ಎರಡು ಚಕ್ರದ್ದೋ, ಮಾರುವವರೋ ಹಂಚುವವರೋ, ಅದು ನಿಮಗೆ ಬಿಟ್ಟದ್ದು. ಪಕ್ಕದ ಊರಿಗೆ ಹೊರಡುವ ಎರಡು ಮೂರು ವಾರ ಮೊದಲೇ ಅಲ್ಲಿನ ಕಚೇರಿಗೆ ಒಂದು ಫೋನು ಮಾಡಿ. ನಿಮ್ಮೂರಿನ ನಿಯಮವನ್ನೂ ಅವರದನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಿ. ಗ್ಯಾಸು, ನೀರು, ಬಿಸಿ, ನಿಲ್ಲುವ ಜಾಗ, ಇಷ್ಟರಲ್ಲಿ ಎಲ್ಲಿ ವ್ಯತ್ಯಾಸ ಇದೆಯೋ ಅಲ್ಲೊಂದು ಗೆರೆ ಎಳೆಯಿರಿ. ಕಾಸಿಲ್ಲದೆ ಬಡಿಸುವವರು ಎರಡು ಸಲ ಕೇಳಿ. ನಿಯಮ ಯಾಕಿದೆ ಎಂದು ತಿಳಿಯದಿದ್ದರೆ ಬೈಯುವ ಮುಂಚೆ ಹೋಗಿ ವಿಚಾರಿಸಿ. ನಿಯಮ ತಪ್ಪು ಎನಿಸಿದರೆ ನಿಮ್ಮೂರ ಸಭೆಯಲ್ಲಿ ಎದ್ದು ನಿಂತು ಹೇಳಿ. ನಿಮ್ಮ ಕೈಯಡುಗೆ ಯಾವ ಊರಿನಲ್ಲೂ ತಲೆ ತಗ್ಗಿಸುವಂಥದ್ದಲ್ಲ. ಕೇಳಿದವರಿಗೆ ಕಾಗದ ತೋರಿಸಿ, ಹಸಿದವರಿಗೆ ಊಟ ಬಡಿಸಿ.